ಆದ್ಯತೆಯ ಪಟ್ಟಿಯೂ ಅರ್ಕಾವತ್ತಿನ ಪಾಡೂ

ಇ-ಪುಸ್ತಕಗಳನ್ನು ತಿದ್ದಿ ಸಿದ್ಧಪಡಿಸುವ ಕನ್ನಡ ತಂತ್ರಾಂಶವೊಂದರ ಮುಂದಿನ ಆವೃತ್ತಿಯಲ್ಲಿ ಏನೇನಿರಬೇಕೆಂದು ತೀರ್ಮಾನಿಸುವ ಸಮಿತಿಗೆ ನನ್ನನ್ನೂ ಕರೆದಿದ್ದರು. ಹನ್ನೊಂದು ಸದಸ್ಯರ ಪೈಕಿ ಒಂದಾದರೂ ಇ-ಪುಸ್ತಕವನ್ನು ಕೈಯಾರೆ ತಿದ್ದಿದ್ದವರು ಇಬ್ಬರೇ ಆದ್ದರಿಂದ, ಚರ್ಚೆಯಲ್ಲಿ ಪಕ್ಷಪಾತ ನುಸುಳಬಾರದೆಂದು ನಮ್ಮಿಬ್ಬರ ಮಾತನ್ನು ಕೊನೆಗೆ ಕೇಳುವುದೆಂದು ಮೊದಲೇ ನಿರ್ಣಯವಾಗಿತ್ತು.

ಮೊದಲ ಆದ್ಯತೆ ಸ್ವಾಗತ ಪರದೆಗೆ ಸಂದಿತು. ಅದರ ಮೇಲಿನ ಗಂಡಭೇರುಂಡ ಯಾವ ಕಡೆಗೆ ಮುಖ ಮಾಡಿರಬೇಕೆಂಬ ಚರ್ಚೆ ಮುಕ್ಕಾಲು ಗಂಟೆ ನಡೆದು, ಅದಕ್ಕೆ ಎರಡು ತಲೆಗಳಿವೆಯೆಂದು ಯಾರೋ ನೆನಪಿಸಿದ ಮೇಲೆ ನಿಂತಿತು. ಎರಡನೆಯದು ಡಾರ್ಕ್ ಮೋಡ್. ಮೂರನೆಯದು ಎಐ ಗುಂಡಿ. ಅದನ್ನು ಒತ್ತಿದರೆ ಏನಾಗಬೇಕೆಂಬುದನ್ನು ಉಪಸಮಿತಿಗೆ ಬಿಟ್ಟು, ಸದ್ಯಕ್ಕೆ ಗುಂಡಿಗೆ ಜಾಗ ಕಾಯ್ದಿರಿಸಲಾಯಿತು.

ಕೇಸರಿಬಾತು ಬಂದ ಹೊತ್ತಿಗೆ ನಮ್ಮ ಸರದಿಯೂ ಬಂತು. ಕಂಪ್ಯೂಟರಿನ ಅಕ್ಷರಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ‘ರ‍್ಯಾಂಕ್’ ಎಂದು ಬರೆಯಬೇಕಾದರೆ ರಕಾರಕ್ಕೂ ಅದರ ಸ್ವರ ಕಳೆಯುವ ಹಲಂತ ಚಿಹ್ನೆಗೂ ನಡುವೆ ಕಣ್ಣಿಗೆ ಕಾಣದ ಜೋಡಕವೊಂದು ಇರಬೇಕೆಂದೂ, ನಮ್ಮ ತಂತ್ರಾಂಶದ ‘ಶುದ್ಧೀಕರಣ’ ಅದನ್ನು ಕಸವೆಂದು ಗುಡಿಸಿಹಾಕುವುದರಿಂದ ಪದದ ತಲೆಬಾಗಿಲಲ್ಲೇ ಯಕಾರದ ಬೆನ್ನಿಗೆ ಅರ್ಕಾವತ್ತು ಜೋತುಬೀಳುತ್ತದೆಂದೂ ವಿವರಿಸಿದೆ. ‘ಕೋಟೆ’ಯ ಕಥೆಯನ್ನೂ ಹೇಳಿದೆ: ಅಲ್ಲಿನ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ತುಂಡುಗಳಾಗಿಯೂ ಬರೆಯಬಹುದು, ತೆರೆಯ ಮೇಲೆ ಎರಡೂ ಒಂದೇ, ನಮ್ಮ ತಂತ್ರಾಂಶದಲ್ಲಿ ಹುಡುಕಿದರೆ ಮಾತ್ರ ಒಂದು ಸಿಕ್ಕಿ ಇನ್ನೊಂದು ತಪ್ಪಿಸಿಕೊಳ್ಳುತ್ತದೆ. ಇಡೀ ಪುಸ್ತಕದಲ್ಲಿ ಪದವೊಂದನ್ನು ಬದಲಿಸಿದೆನೆಂದು ನಂಬಿದ ಸಂಪಾದಕನಿಗೆ ಅರ್ಧ ಕೋಟೆ ಮಾತ್ರ ವಶವಾಗಿರುತ್ತದೆ.

ಅಧ್ಯಕ್ಷರು ಸಹಾನುಭೂತಿಯಿಂದಲೇ ಕೇಳಿಸಿಕೊಂಡರು. “ಕಾಣದ ಅಕ್ಷರಕ್ಕೆ ಖರ್ಚು ಹಾಕಿದರೆ ಬಿಡುಗಡೆ ಸಮಾರಂಭದಲ್ಲಿ ತೋರಿಸುವುದೇನನ್ನು?” ಎಂದರು. ಈ ಪ್ರಶ್ನೆಗೆ ನನ್ನಲ್ಲಿ ಈಗಲೂ ಉತ್ತರವಿಲ್ಲ.

ಜೊತೆಗಿದ್ದ ಗೆಳೆಯರು ‘ಸಿಗಿಲ್’ನ ಉದಾಹರಣೆ ಕೊಟ್ಟರು. 2009ರಲ್ಲಿ ಹುಟ್ಟಿದ ಈ ಉಚಿತ ಇಪಬ್ (ಇ-ಪುಸ್ತಕದ ಕಡತ ಮಾದರಿ) ಸಂಪಾದಕವನ್ನು ಬೆರಳೆಣಿಕೆಯ ಸ್ವಯಂಸೇವಕರು ಉಳಿಸಿಕೊಂಡು ಬಂದಿದ್ದಾರೆ, 1.0ನೇ ಆವೃತ್ತಿಗೆ ಬರುವಾಗ ಅವರು, ಪುಟವನ್ನು ಓದುಗರಿಗೆ ಕಾಣುವಂತೆಯೇ ನೋಡುತ್ತಾ ತಿದ್ದಲು ಬಿಡುತ್ತಿದ್ದ, ಬಹಳ ಮಂದಿ ಮೆಚ್ಚಿಕೊಂಡಿದ್ದ ‘ಬುಕ್ ವ್ಯೂ’ವನ್ನೇ ಕಿತ್ತು, ಹಾಗೆಯೇ ತಿದ್ದಬೇಕೆನ್ನುವವರಿಗೆ ‘ಪೇಜ್‌ಎಡಿಟ್’ ಎಂಬ ಪ್ರತ್ಯೇಕ ತಂತ್ರಾಂಶವನ್ನು ಕೊಟ್ಟರು. ಕೆಲವನ್ನು ಬಿಡುವುದೂ ಆದ್ಯತೆಯೇ ಎಂಬುದು ಗೆಳೆಯರ ಇಂಗಿತವಾಗಿತ್ತು. ಸಮಿತಿ ತಲೆದೂಗಿ, ನಮ್ಮ ಎರಡು ಬೇಡಿಕೆಗಳನ್ನು ಬಿಟ್ಟಿತು.

ಕಾಗುಣಿತ ಪರೀಕ್ಷಕದ ವಿಷಯಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ‘ಮನೆ’ ಗೊತ್ತಿರುವ ಅದಕ್ಕೆ ‘ಮನೆಯವರಿಗೂ’ ಗೊತ್ತಿಲ್ಲದೆ ಪುಟವೆಲ್ಲ ಕೆಂಪು ಗೆರೆಯಾಗುತ್ತದೆಂಬ ದೂರಿಗೆ, ಡಾರ್ಕ್ ಮೋಡ್‌ನಲ್ಲಿ ಆ ಗೆರೆಗಳು ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲವೆಂಬ ಸಮಾಧಾನ ದೊರೆಯಿತು.

ವಾರದ ಬಳಿಕ ನಡಾವಳಿ ಬಂತು. ಕಾರ್ಯದರ್ಶಿಗಳು ಅದನ್ನು ಅಭಿಮಾನದಿಂದ ನಮ್ಮ ತಂತ್ರಾಂಶದಲ್ಲೇ ಸಿದ್ಧಪಡಿಸಿ, ಶುದ್ಧೀಕರಿಸಿಯೂ ಇದ್ದರು. ಗಂಡಭೇರುಂಡದ ಕೆಳಗೆ ದಪ್ಪಕ್ಷರದಲ್ಲಿ ‘ಆದ್ಯತೆಗಳ ರ್ಯಾಂಕ್ ಪಟ್ಟಿ’ ಎಂಬ ಶೀರ್ಷಿಕೆಯಿತ್ತು, ಅದರ ಪಕ್ಕದಲ್ಲೇ ಅಧ್ಯಕ್ಷರ ಸಹಿ.