ಗೀಸರ್ ದಿನವಿಡೀ ಆನ್ ಇಟ್ಟರೆ ಕರೆಂಟ್ ಉಳಿಯಲ್ಲ

"ಗೀಸರ್ ಆಫ್ ಮಾಡಲೇಬೇಡಿ, ಪದೇ ಪದೇ ಆನ್ ಮಾಡಿದರೇ ಕರೆಂಟ್ ಜಾಸ್ತಿ ಎಳೆಯುತ್ತೆ" ಎಂಬ ಮೆಸೇಜ್ ಬೆಂಗಳೂರಿನ ಅಪಾರ್ಟ್‌ಮೆಂಟ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 0.6 ಯೂನಿಟ್ ಸಾಕು. 2 ಕಿಲೋವ್ಯಾಟ್ ಗೀಸರ್‌ಗೆ ಇಪ್ಪತ್ತು ನಿಮಿಷದ ಕೆಲಸ, ಅಷ್ಟೇ. ಆನ್ ಬಿಟ್ಟರೆ? ಟ್ಯಾಂಕ್‌ನ ಬಿಸಿ ಸೋರುತ್ತಲೇ ಇರುತ್ತದೆ, ಥರ್ಮೋಸ್ಟಾಟ್ (ಬಿಸಿ ಇಳಿದಾಗ ತಾನೇ ಆನ್ ಆಗುವ ಸ್ವಿಚ್) ಟಕ್ ಅಂತ ಮತ್ತೆ ಕಾಯಿಸಲು ಶುರು ಮಾಡುತ್ತದೆ. ಯಾರೂ ಸ್ನಾನಕ್ಕೆ ಹೋಗದಿದ್ದರೂ ಗೀಸರ್ ದೀಪ ಆಗಾಗ ಹತ್ತುವುದು ಇದಕ್ಕೇ. ಹೀಗೆ 24 ಗಂಟೆಯಲ್ಲಿ ಸುಮ್ನೆ ಪೋಲಾಗುವ ಯೂನಿಟ್ ಎಷ್ಟು ಅಂತ ಗೀಸರ್‌ಗೆ ಅಂಟಿಸಿರುವ ಸ್ಟಾರ್ ಲೇಬಲ್ ಮೇಲೇ ಇರುತ್ತದೆ, ನೋಡಿ. ಪೋಲು ಬರೀ ದುಡ್ಡಿನದಲ್ಲ: ದೇಶದ ಸರಾಸರಿಯಲ್ಲಿ ಒಂದು ಯೂನಿಟ್ ಕರೆಂಟ್ ತಯಾರಿಸುವಾಗ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ.

ಸ್ನಾನಕ್ಕೆ ಸ್ವಲ್ಪ ಮುಂಚೆ ಆನ್, ಆಮೇಲೆ ಆಫ್. ಆ ಮೆಸೇಜ್ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.