4ಕೆ ಮಾನಿಟರ್ ತಗೊಳ್ಳುವ ಮೊದಲು ಒಂದು ಒತ್ತಕ್ಷರ ನೋಡಿ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಯಲ್ಲಾಪುರದಲ್ಲಿ ಮನೆಯಿಂದಲೇ ಕೆಲಸ ಮಾಡುವವರು ಹೆಚ್ಚಾದ ಮೇಲೆ ಒಂದು ಪ್ರಶ್ನೆ ಪದೇ ಪದೇ ಬರುತ್ತಿದೆ: "4ಕೆ ಮಾನಿಟರ್ ತಗೋಬಹುದಾ? ಹಗಲು ಕೆಲಸಕ್ಕಾಯ್ತು, ರಾತ್ರಿ ಗೇಮಿಂಗಿಗಾಯ್ತು." 4ಕೆ ಅಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿಗಳ (ಪಿಕ್ಸೆಲ್) ಪರದೆ. ನನ್ನ ಉತ್ತರ ನೇರ. 4ಕೆಗೆ ಕೊಡುವ ಹೆಚ್ಚಿನ ದುಡ್ಡು ಅಕ್ಷರಕ್ಕೆ ಕೊಡುವ ದುಡ್ಡು. ದಿನಕ್ಕೆ ಆರೆಂಟು ತಾಸು ಓದುವ, ಬರೆಯುವ, ಲೆಕ್ಕ ಹಾಕುವ ಕೆಲಸವಿದ್ದರೆ ಧೈರ್ಯವಾಗಿ ತಗೊಳ್ಳಿ. ಬರೀ ಆಟಕ್ಕೆ ಎಂದಾದರೆ 27 ಇಂಚಿನ 2560×1440 (1440ಪಿ) ಮಾನಿಟರ್ ತಗೊಂಡು, ಉಳಿದದ್ದನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ.

ಯಾಕೆ ಅಂತ ನಮ್ಮ ಲಿಪಿಯೇ ಹೇಳುತ್ತದೆ. ಮಾಮೂಲಿ 24 ಇಂಚಿನ ಫುಲ್ ಎಚ್‌ಡಿ (1920×1080, ಅಂದರೆ 1080ಪಿ) ಪರದೆಯಲ್ಲಿ 11 ಪಾಯಿಂಟಿನ ಕನ್ನಡ ತೆರೆದು, 'ದ' ಮತ್ತು 'ಧ' ಪಕ್ಕಪಕ್ಕ ಟೈಪ್ ಮಾಡಿ ಹತ್ತಿರದಿಂದ ನೋಡಿ. ಅಲ್ಲಿ ಒಂದು ಅಕ್ಷರಕ್ಕೆ ಒತ್ತು, ಗುಣಿತ ಎಲ್ಲ ಸೇರಿ ಸಿಗುವ ಎತ್ತರ ಹೆಚ್ಚುಕಡಿಮೆ 15 ಪಿಕ್ಸೆಲ್. ಮಹಾಪ್ರಾಣದ ಆ ಸಣ್ಣ ಸೀಳಿಗೆ ಬರುವುದು ಒಂದೇ ಪಿಕ್ಸೆಲ್, ಅದೂ ಬೂದು ಬಣ್ಣದ್ದು. ಹಾಗಾಗಿ 'ಪ'–'ಫ', 'ಡ'–'ಢ' ಗುರುತಿಸುವಾಗ ಕಣ್ಣು ಅರ್ಧ ಕಾಣುತ್ತದೆ, ಉಳಿದರ್ಧ ಊಹಿಸುತ್ತದೆ. 'ರಾಷ್ಟ್ರ', 'ಸ್ವಾತಂತ್ರ್ಯ', 'ಧಾರ್ಷ್ಟ್ಯ' ಬರೆದರೆ ಕೆಳಗಿನ ಒತ್ತುಗಳೆಲ್ಲ ಕೂಡಿ ಒಂದು ಮುದ್ದೆ. ಅದೇ ಸಾಲನ್ನು 27 ಇಂಚಿನ 4ಕೆ ಪರದೆಯಲ್ಲಿ, 150 ಶೇಕಡಾ ಸ್ಕೇಲಿಂಗ್ (ಅಕ್ಷರ, ಐಕಾನುಗಳನ್ನು ಒಂದೂವರೆ ಪಟ್ಟು ದೊಡ್ಡದು ಮಾಡುವ ಸೆಟ್ಟಿಂಗ್) ಇಟ್ಟು ನೋಡಿ. ಎತ್ತರ 22 ಪಿಕ್ಸೆಲ್ ಆಗುತ್ತದೆ, ಅಗಲವೂ ಅಷ್ಟೇ ಪಾಲು ಹೆಚ್ಚುತ್ತದೆ. ಅಕ್ಷರವೊಂದಕ್ಕೆ ಸಿಗುವ ಚುಕ್ಕಿಗಳು ದುಪ್ಪಟ್ಟಿಗಿಂತ ಜಾಸ್ತಿ. ಸೀಳು ಸೀಳಾಗಿ, ಒತ್ತು ಒತ್ತಾಗಿ ಕಾಣುತ್ತದೆ. ಪಹಣಿಯ ಪಿಡಿಎಫ್ ಓದುವವರಿಗೆ, ಡಿಟಿಪಿ ಮಾಡುವವರಿಗೆ, ರಾಶಿ–ಚಾಲಿ–ಬೆಟ್ಟೆ ಅಂತ ಇಪ್ಪತ್ತು ಕಾಲಮ್ಮಿನ ಎಕ್ಸೆಲ್ ಇಟ್ಟುಕೊಂಡ ಅಡಿಕೆ ವ್ಯಾಪಾರಸ್ಥರಿಗೆ ಈ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ. ಇಂಗ್ಲಿಷ್ ಅಕ್ಷರ ನೋಡಿ ಮಾನಿಟರ್ ಅಳೆಯುವವರಿಗೆ ಇದು ಅಷ್ಟು ಕಾಣುವುದಿಲ್ಲ. ಅಂಗಡಿಗೆ ಹೋದರೆ ಅಲ್ಲಿ ಓಡುತ್ತಿರುವ ಡೆಮೊ ವಿಡಿಯೊ ನಿಲ್ಲಿಸಿ, ಕನ್ನಡದ ಒಂದು ಪುಟ ತೆರೆಯಲು ಹೇಳಿ.

ಹಾಗಾದರೆ ಪಿಕ್ಸೆಲ್ ಎಷ್ಟಿದ್ದರೆ ಸಾಕು? ಚೆನ್ನಾಗಿ ಕಾಣುವ ಕಣ್ಣು ಒಂದು ಡಿಗ್ರಿಯ ಅರವತ್ತರಲ್ಲೊಂದು ಪಾಲಿನವರೆಗೆ ವಿವರ ಗುರುತಿಸುತ್ತದೆ. ಇದನ್ನು ಲೆಕ್ಕಕ್ಕೆ ತಂದರೆ ಸೂತ್ರ ಸುಲಭ: 3438ನ್ನು ಮಾನಿಟರಿನ ಪಿಪಿಐಯಿಂದ (ಒಂದು ಇಂಚಿನಲ್ಲಿರುವ ಪಿಕ್ಸೆಲ್ ಸಂಖ್ಯೆ) ಭಾಗಿಸಿ. ಬಂದ ಇಂಚಿನಷ್ಟು ದೂರ ಕೂತರೆ ಚುಕ್ಕಿಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. 24 ಇಂಚಿನ ಫುಲ್ ಎಚ್‌ಡಿ 92 ಪಿಪಿಐ, ಅಂದರೆ 37 ಇಂಚು ದೂರ ಬೇಕು. 27 ಇಂಚಿನ 1440ಪಿ 109 ಪಿಪಿಐ, ಸುಮಾರು 31 ಇಂಚು. 32 ಇಂಚಿನ 4ಕೆ 138, ದೂರ 25 ಇಂಚು. 27 ಇಂಚಿನ 4ಕೆ 163, ದೂರ 21 ಇಂಚು. ನಾವು ಮೇಜಿನ ಮುಂದೆ ಕೂರುವುದು ಒಂದು ತೋಳಿನಳತೆ ದೂರದಲ್ಲಿ, 24–26 ಇಂಚು. 27 ಇಂಚಿನ 4ಕೆ ಅಲ್ಲಿಗೆ ಧಾರಾಳ ಸಾಕು, 32 ಇಂಚಿನದು ಸರಿಯಾಗಿ ಸಾಕು. 32 ಇಂಚಿನಲ್ಲೇ 8ಕೆ ಅಂದರೆ 275 ಪಿಪಿಐ. ಅದರ ಲಾಭ ಪೂರ್ತಿ ಸಿಗಬೇಕಾದರೆ ಮುಖವನ್ನು ಪರದೆಯಿಂದ ಒಂದಡಿಯಷ್ಟೇ ದೂರಕ್ಕೆ ಒಯ್ಯಬೇಕು. ಡೆಲ್ 2017ರಲ್ಲೇ ಅಂಥದ್ದೊಂದನ್ನು ತಂದಿತ್ತು, 60 ಹರ್ಟ್ಝ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವುದು) ಓಡಿಸಲು ಎರಡು ಡಿಸ್‌ಪ್ಲೇಪೋರ್ಟ್ ಕೇಬಲ್ ಬೇಕಿತ್ತು. ಅದಕ್ಕೆ ದುಡ್ಡು ಹಾಕಬೇಡಿ. 5ಕೆ (27 ಇಂಚು, 218 ಪಿಪಿಐ) ಮಾತ್ರ ಮ್ಯಾಕ್ ಬಳಸುವವರಿಗೆ ಅರ್ಥವಿದೆ, ಅಲ್ಲಿ ಸ್ಕೇಲಿಂಗ್ ಸರಿಯಾಗಿ ಎರಡು ಪಟ್ಟು ಕೂರುತ್ತದೆ.

ವಿಂಡೋಸಿನಲ್ಲಿ 27 ಇಂಚಿಗೆ 150 ಶೇಕಡಾ, 32 ಇಂಚಿಗೆ 125 ಅಥವಾ 150 ಇಡಿ. ಹಳೆಯ ಕನ್ನಡ ಸಾಫ್ಟ್‌ವೇರ್, ಹಳೆಯ ಅಕೌಂಟಿಂಗ್ ಪ್ರೋಗ್ರಾಮ್ ತೆರೆದಾಗ ಅಕ್ಷರ ಮಂಜು ಹಿಡಿದಂತೆ ಕಂಡರೆ ಮಾನಿಟರನ್ನು ಬೈಯಬೇಡಿ. ಆ ಪ್ರೋಗ್ರಾಮಿಗೆ ಸ್ಕೇಲಿಂಗ್ ಗೊತ್ತಿಲ್ಲ, ವಿಂಡೋಸ್ ಅದರ ಚಿತ್ರವನ್ನೇ ಎಳೆದು ದೊಡ್ಡದು ಮಾಡುತ್ತಿದೆ. ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್. ಅಲ್ಲಿ ಓವರ್‌ರೈಡ್‌ಗೆ ಟಿಕ್ ಹಾಕಿ 'ಸಿಸ್ಟಮ್ (ಎನ್‌ಹ್ಯಾನ್ಸ್ಡ್)' ಆರಿಸಿ. ಎಷ್ಟೋ ಪ್ರೋಗ್ರಾಮುಗಳು ಇದರಲ್ಲೇ ಸರಿಹೋಗುತ್ತವೆ. ಆಗದಿದ್ದರೆ 'ಅಪ್ಲಿಕೇಶನ್' ಆರಿಸಿ. ಅಕ್ಷರ ಸಣ್ಣದಾದರೂ ಚೂಪಾಗಿರುತ್ತದೆ.

ಹೆಚ್ಚಿನವರು ಎಡವುವುದು ಕೇಬಲ್ಲಿನಲ್ಲಿ. ಹೊಸ ಮಾನಿಟರ್ ಹಚ್ಚಿದ ಕೂಡಲೇ ಮೌಸ್ ಎಳೆದೆಳೆದು ಓಡುತ್ತಿದ್ದರೆ ಅದು 30 ಹರ್ಟ್ಝ್‌ನಲ್ಲಿದೆ ಎಂದೇ ತಿಳಿಯಿರಿ. ಹಳೆಯ ಎಚ್‌ಡಿಎಂಐ 1.4ರ ಸಾಮರ್ಥ್ಯ ಸೆಕೆಂಡಿಗೆ 10.2 ಗಿಗಾಬಿಟ್, 4ಕೆಯಲ್ಲಿ 30ಕ್ಕಿಂತ ಮೇಲೆ ಹೋಗದು. ಎಚ್‌ಡಿಎಂಐ 2.0ರದ್ದು 18 ಗಿಗಾಬಿಟ್, 4ಕೆ 60ಕ್ಕೆ ಸಾಕು. ಆದರೆ ಎಚ್‌ಡಿಆರ್ (ಬೆಳಕು–ನೆರಳಿನ ಅಂತರ ಹೆಚ್ಚು ತೋರಿಸುವ ಮೋಡ್) ಹಾಕಿ 10 ಬಿಟ್ ಬಣ್ಣ ಕೇಳಿದರೆ ಅದಕ್ಕೂ ಹಿಡಿಸದೆ ಬಣ್ಣದ ಮಾಹಿತಿಯನ್ನು ಕತ್ತರಿಸಿ ಕಳಿಸುತ್ತದೆ. ಆಗ ವಿಡಿಯೊ ಚೆನ್ನಾಗಿಯೇ ಕಾಣುತ್ತದೆ, ಪೆಟ್ಟು ಬೀಳುವುದು ಅಕ್ಷರಕ್ಕೆ. ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಅಕ್ಷರದಲ್ಲಿ 'ಲಕ್ಷ್ಮಿ' ಎಂದು ಬರೆದು ನೋಡಿ. ಕೆಳಗಿನ 'ಮ' ಒತ್ತು ಬಣ್ಣ ಸೋರಿದ ಹಾಗೆ ಅಂಚು ಬಿಟ್ಟಿದ್ದರೆ ಸಿಗ್ನಲ್ ಬಣ್ಣ ಕತ್ತರಿಸಿದ 4:2:0 ಅಥವಾ 4:2:2ರಲ್ಲಿದೆ. ಗ್ರಾಫಿಕ್ಸ್ ಕಾರ್ಡಿನ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಬಣ್ಣ ಕತ್ತರಿಸದ ಆರ್‌ಜಿಬಿ ಫುಲ್ ಇಡಿ. ಆ ಆಯ್ಕೆ ಸಿಗದಿದ್ದರೆ ಎಚ್‌ಡಿಆರ್ ತೆಗೆದು 8 ಬಿಟ್‌ಗೆ ಬನ್ನಿ.

ಡಿಸ್‌ಪ್ಲೇಪೋರ್ಟ್ 1.4ರಲ್ಲಿ ಚಿತ್ರಕ್ಕೆ ಸಿಗುವುದು 25.92 ಗಿಗಾಬಿಟ್. 4ಕೆ 120 ಹರ್ಟ್ಝ್ 8 ಬಿಟ್‌ಗೆ ಅದು ಅಂಚಿನಲ್ಲಿ ಸಾಲುತ್ತದೆ, 144ಕ್ಕೆ ಡಿಎಸ್‌ಸಿ ಎಂಬ ಸಂಕುಚನ ಬೇಕು. ಡಿಎಸ್‌ಸಿಗೆ ಹೆದರಬೇಡಿ, ದಿನನಿತ್ಯದ ಕೆಲಸದಲ್ಲಿ ಕಣ್ಣಿಗೆ ವ್ಯತ್ಯಾಸ ಸಿಗುವುದಿಲ್ಲ. ಡಬ್ಬಿಯ ಮೇಲೆ 'ಎಚ್‌ಡಿಎಂಐ 2.1' ಎಂದಿದ್ದರೆ ಮಾತ್ರ ಅದನ್ನೊಂದೇ ನಂಬಬೇಡಿ. ಆ ಹೆಸರಿನಲ್ಲಿ 48 ಗಿಗಾಬಿಟ್ ಪೋರ್ಟೂ ಬರುತ್ತದೆ, 24ರದ್ದೂ ಬರುತ್ತದೆ, ಹಳೆಯ 18ರದ್ದೂ ಬರುತ್ತದೆ. ಮ್ಯಾನುಯಲ್ ತೆರೆದು ಯಾವ ಪೋರ್ಟಿನಲ್ಲಿ ಗರಿಷ್ಠ ಎಷ್ಟು ಹರ್ಟ್ಝ್ ಎಂದು ಓದಿ. ಇನ್ನು ಲ್ಯಾಪ್‌ಟಾಪಿಗೆ ಅಗ್ಗದ ಟೈಪ್-ಸಿ ಹಬ್ ಹಾಕುವವರಿಗೆ ಒಂದು ಮಾತು. ಅನೇಕ ಹಬ್‌ಗಳು ಮಾಹಿತಿ ಹರಿಯುವ ನಾಲ್ಕು ಲೇನಿನಲ್ಲಿ ಎರಡನ್ನು ಯುಎಸ್‌ಬಿಗೆ ಬಿಟ್ಟುಕೊಡುವುದರಿಂದ 4ಕೆ 30ಕ್ಕೇ ನಿಲ್ಲುತ್ತದೆ. ಟೈಪ್-ಸಿಯಿಂದ ನೇರ ಡಿಸ್‌ಪ್ಲೇಪೋರ್ಟಿಗೆ ಹೋಗುವ ಕೇಬಲ್ ಹಾಕಿದರೆ ಈ ತಕರಾರು ಮುಗಿಯಿತು. ಉದ್ದ ಎರಡು ಮೀಟರ್ ಮೀರದಿರಲಿ. ಹಚ್ಚಿದ ಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ಹರ್ಟ್ಝ್ ಎಷ್ಟಿದೆ ಎಂದು ನೋಡಲೇಬೇಕು. 144 ಹರ್ಟ್ಝ್ ಮಾನಿಟರನ್ನು ವರ್ಷಗಟ್ಟಲೆ 60ರಲ್ಲೇ ಓಡಿಸುವವರು ಕಡಿಮೆಯಿಲ್ಲ.

ಈಗ ಆಟ. 4ಕೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್. ಫುಲ್ ಎಚ್‌ಡಿಯ ನಾಲ್ಕು ಪಟ್ಟು, 1440ಪಿಯ ಎರಡೂಕಾಲು ಪಟ್ಟು. ಕಾರ್ಡ್ ಪ್ರತಿ ಫ್ರೇಮಿಗೂ ಅಷ್ಟನ್ನೂ ಬಿಡಿಸಬೇಕು. 8 ಜಿಬಿ ಮೆಮೊರಿಯ ಕಾರ್ಡಿನಲ್ಲಿ ಹೊಸ ದೊಡ್ಡ ಆಟವನ್ನು 4ಕೆಯಲ್ಲಿ ತೆರೆದರೆ ಟೆಕ್ಸ್ಚರ್ ಇಳಿಸದೆ ಗತಿಯಿಲ್ಲ, ಇಳಿಸದಿದ್ದರೆ ತಡೆತಡೆದು ಓಡುತ್ತದೆ. ಆದರೂ ಕೆಲಸಕ್ಕೆಂದು 4ಕೆ ತಂದವರು ಆಟ ಬಿಡಬೇಕಾಗಿಲ್ಲ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಎಂಬ ಸೌಲಭ್ಯ ಇರುವ ಆಟದಲ್ಲಿ 'ಕ್ವಾಲಿಟಿ' ಆರಿಸಿದರೆ ಒಳಗೆ 1440ಪಿ ಬಿಡಿಸಿ 4ಕೆಗೆ ಏರಿಸುತ್ತದೆ, 'ಪರ್ಫಾರ್ಮೆನ್ಸ್' ಆರಿಸಿದರೆ 1080ಪಿ. 27 ಇಂಚಿನಲ್ಲಿ ಕ್ವಾಲಿಟಿ ಮೋಡ್ ನಿಜಕ್ಕೂ ಚೆನ್ನಾಗಿ ಕಾಣುತ್ತದೆ. ಹಳೆಯ ಆಟಗಳಿಗೆ ಇಂಟಿಜರ್ ಸ್ಕೇಲಿಂಗ್ ಹಾಕಿ. 1080ಪಿಯ ಒಂದು ಪಿಕ್ಸೆಲ್ ಸರಿಯಾಗಿ ನಾಲ್ಕಾಗಿ ಕೂರುವುದರಿಂದ ಮಸುಕು ಬರುವುದಿಲ್ಲ. 1440ಪಿಯನ್ನು ಹಾಗೆ ಕೂರಿಸಲು ಬರುವುದಿಲ್ಲ, ಒಂದೂವರೆ ಪಟ್ಟು ಪೂರ್ಣಸಂಖ್ಯೆಯಲ್ಲವಲ್ಲ.

60 ಹರ್ಟ್ಝ್‌ನಲ್ಲಿ ಒಂದು ಫ್ರೇಮ್ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9. ಗುರಿಯಿಟ್ಟು ಹೊಡೆಯುವ ಆಟಗಳಲ್ಲಿ ಇದು ರೆಸಲ್ಯೂಶನ್‌ಗಿಂತ ಮುಖ್ಯ. ಜಾಹೀರಾತಿನ '1 ಎಂಎಸ್' (ಮಿಲಿಸೆಕೆಂಡ್) ಬಹಳ ಸಲ ಓವರ್‌ಡ್ರೈವ್ (ಪಿಕ್ಸೆಲ್ ಬೇಗ ಬದಲಾಗುವಂತೆ ಮಾಡುವ ಮಾನಿಟರಿನ ಸೆಟ್ಟಿಂಗ್) ತುದಿಗೆ ಇಟ್ಟಾಗ ಬರುವ ಅಂಕಿ. ಹಾಗಿಟ್ಟರೆ ಓಡುವ ವಸ್ತುವಿನ ಹಿಂದೆ ಬಿಳಿಯ ನೆರಳು ಏಳುತ್ತದೆ. ಟೆಸ್ಟ್‌ಯುಎಫ್‌ಒ ಎಂಬ ವೆಬ್ ಪುಟ ತೆರೆದು ಓವರ್‌ಡ್ರೈವನ್ನು ಒಂದೊಂದೇ ಮೆಟ್ಟಿಲು ಬದಲಿಸಿ. ಹೆಚ್ಚಾಗಿ ನಡುವಿನದೇ ಸರಿ.

ಪ್ಯಾನೆಲ್ (ಪರದೆಯ ಬಗೆ) ವಿಷಯದಲ್ಲಿ ಕೆಲಸ–ಆಟ ಎರಡಕ್ಕೂ ನನ್ನ ಆಯ್ಕೆ ಐಪಿಎಸ್. ವಿಎಯಲ್ಲಿ ಕಪ್ಪು ಗಾಢ, ಆದರೆ ಕತ್ತಲೆಯ ದೃಶ್ಯದಲ್ಲಿ ಚಲನೆ ಬಳಿದಂತಾಗುತ್ತದೆ. ಓಎಲ್‌ಇಡಿ ಆಟಕ್ಕೆ ಅದ್ಭುತ. ಆದರೆ ಟಾಸ್ಕ್‌ಬಾರ್, ಎಕ್ಸೆಲ್ ಗೆರೆ ದಿನಕ್ಕೆ ಎಂಟು ತಾಸು ಒಂದೇ ಕಡೆ ನಿಂತರೆ ಕಲೆ ಉಳಿಯುವ ಭಯ ಇದ್ದೇ ಇದೆ. ಜೊತೆಗೆ ಅದರಲ್ಲೇ ಒಂದು ಬಗೆಯಾದ ಕ್ಯೂಡಿ-ಓಎಲ್‌ಇಡಿಯ ಕಪ್ಪು, ದೊಡ್ಡ ಕಿಟಕಿಯ ಬೆಳಕು ಬಿದ್ದಾಗ ನೇರಳೆ ಮಿಶ್ರಿತ ಬೂದಿಯಾಗುತ್ತದೆ. ಯಕ್ಷಗಾನದ ಫೋಟೊ ತಿದ್ದುವವರು ಗಮನಿಸಿ: 95 ಶೇಕಡಾ ಡಿಸಿಐ-ಪಿ3 (ಮಾಮೂಲಿಗಿಂತ ಗಾಢ ಬಣ್ಣಗಳ ವ್ಯಾಪ್ತಿ) ಪರದೆಯಲ್ಲಿ ವೇಷದ ಕೆಂಪು ಬಟ್ಟೆ ಉರಿಯುವ ಹಾಗೆ ಕಾಣುತ್ತದೆ. ಅದನ್ನು ನೋಡಿ ನೀವು ಬಣ್ಣ ಇಳಿಸಿದರೆ ಆಲ್ಬಮ್ಮಿನಲ್ಲಿ ಕೆಂಪು ಸತ್ತುಹೋಗುತ್ತದೆ. ತಿದ್ದುವಾಗ ಮಾನಿಟರಿನ ಮಾಮೂಲಿ ಬಣ್ಣದ ಎಸ್‌ಆರ್‌ಜಿಬಿ ಮೋಡ್ ಹಾಕಿ, ಆಟಕ್ಕೆ ಬೇರೆ ಮೋಡ್ ಇಟ್ಟುಕೊಳ್ಳಿ. 'ಎಚ್‌ಡಿಆರ್ 400' ಮುದ್ರೆಗೆ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ. ಹಿಂಬದಿಯ ಬೆಳಕನ್ನು ಭಾಗಭಾಗವಾಗಿ ಆರಿಸುವ ವ್ಯವಸ್ಥೆ ಇಲ್ಲದ ಎಚ್‌ಡಿಆರ್ ಹೆಸರಿಗಷ್ಟೇ.

ಸತ್ತ ಪಿಕ್ಸೆಲ್ ತಪಾಸಣೆಯನ್ನು ಬಂದ ದಿನವೇ ಮಾಡಿ: ಪೂರ್ತಿ ಪರದೆಗೆ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ, ಕೊನೆಗೆ ಬೂದು. ಐಎಸ್‌ಒ 9241-307 ಎಂಬ ಅಂತರರಾಷ್ಟ್ರೀಯ ಮಾನದಂಡದ ಎರಡನೇ ವರ್ಗ ಪ್ರತಿ 10 ಲಕ್ಷ ಪಿಕ್ಸೆಲಿಗೆ ಯಾವಾಗಲೂ ಉರಿಯುವ ಎರಡು ಚುಕ್ಕಿಯನ್ನು ಒಪ್ಪುತ್ತದೆ. ಅಂದರೆ 4ಕೆಯಲ್ಲಿ ಹದಿನಾರು! ಹಾಗಾಗಿ ಕೊಳ್ಳುವ ಮೊದಲೇ ಕಂಪನಿಯ ನಿಯಮ ಓದಿ. ಬದಲಿ ಕೊಡುವ ಅವಧಿ ಎಷ್ಟು ದಿನ, ನಿಮ್ಮ ಪಿನ್‌ಕೋಡಿಗೆ ಮನೆಗೆ ಬಂದು ರಿಪೇರಿ ಮಾಡುತ್ತಾರಾ ಎಂದು ಕೇಳಿ. ಇಲ್ಲ ಎಂದರೆ ವಾರಂಟಿಗಾಗಿ ಡಬ್ಬಿ ಹೊತ್ತು ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಬೇಕಾದೀತು. ಹಾಗೇನಾದರೂ ಹೋಗುವುದಾದರೆ ಡಬ್ಬಿ ನಿಂತೇ ಇರಬೇಕು. ಬಸ್ಸಿನ ಡಿಕ್ಕಿಯಲ್ಲಿ ಮಲಗಿಸಿ ಮೇಲೆ ಚೀಲ ಹೇರಿದರೆ ಪ್ಯಾನೆಲ್ ಒಡೆಯುತ್ತದೆ.

ನಮ್ಮ ಕಡೆಯ ಅಸಲಿ ಶತ್ರು ಸಿಡಿಲು. ಏಪ್ರಿಲ್–ಮೇ ತಿಂಗಳಲ್ಲಿ ಗುಡುಗು ಕೇಳಿಸಿದ ಕೂಡಲೇ ಪ್ಲಗ್ ಎಳೆಯುತ್ತಾರೆ, ಲ್ಯಾನ್ ಕೇಬಲ್ ಮರೆಯುತ್ತಾರೆ. ಹೊರಗಿನಿಂದ ಬರುವ ತಾಮ್ರದ ತಂತಿ ಯಾವುದಾದರೂ ಸಾಕು, ಹೊಡೆತ ರೂಟರಿಗೆ, ಅಲ್ಲಿಂದ ಕಂಪ್ಯೂಟರಿಗೆ, ಎಚ್‌ಡಿಎಂಐ ಮೂಲಕ ಮಾನಿಟರಿಗೆ ಬರುತ್ತದೆ. ಮಾಡಿನ ಮೇಲಿನ ಡಿಶ್‌ನಿಂದ ಬಂದ ಸೆಟ್‌ಟಾಪ್ ಬಾಕ್ಸನ್ನು ಇದೇ ಮಾನಿಟರಿಗೆ ಹಚ್ಚಿದ್ದರೆ ಅದನ್ನೂ ತೆಗೆಯಿರಿ. ಅರ್ಥಿಂಗ್ ಇನ್ನೊಂದು. ಚಿರೇಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ಥಿಂಗ್ ಹೆಸರಿಗಷ್ಟೇ ಉಳಿಯುತ್ತದೆ. ಫೆಬ್ರವರಿಯಿಂದ ಮಳೆ ಬೀಳುವವರೆಗೆ ಗುಂಡಿಗೆ ಆಗಾಗ ನೀರು ಹೊಯ್ಯಿರಿ. ಚಾರ್ಜಿಗೆ ಹಾಕಿದ ಲೋಹದ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದಾ? ಅರ್ಥಿಂಗ್ ತೋರಿಸಲೇಬೇಕು. ಅಲ್ಲಿಯವರೆಗೆ ಎಚ್‌ಡಿಎಂಐ ಹಚ್ಚುವಾಗ ಎರಡೂ ಬದಿಯ ಪ್ಲಗ್ ತೆಗೆದಿರಲಿ, ಇಲ್ಲವಾದರೆ ಪೋರ್ಟ್ ಸುಟ್ಟೀತು. ಮಾಮೂಲಿ 600 ವಿಎ (ವೋಲ್ಟ್-ಆಂಪಿಯರ್) ಯುಪಿಎಸ್ ಕೊಡುವುದು 360 ವ್ಯಾಟ್ ಮಾತ್ರ, ಆಟದ ನಡುವೆ ಕರೆಂಟ್ ಹೋದರೆ ಗೇಮಿಂಗ್ ಪಿಸಿಯ ಭಾರಕ್ಕೆ ತಾನೇ ಕೈಬಿಡುತ್ತದೆ. 1100 ವಿಎಯಿಂದ ಮೇಲಿನದು ನೋಡಿ.

ಮಳೆಗಾಲದಲ್ಲಿ ಎಸಿ ಕಾರಿನಿಂದ ಇಳಿಸಿದ ಡಬ್ಬಿಯನ್ನು ಕೂಡಲೇ ತೆರೆಯಬೇಡಿ, ತಣ್ಣಗಿನ ಪ್ಯಾನೆಲ್ಲಿನೊಳಗೆ ನೀರಾಡುತ್ತದೆ. ಎರಡು ಮೂರು ತಾಸು ಹಾಗೇ ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಳಸಲಿ ಬಿಡಲಿ ದಿನಕ್ಕೆ ಅರ್ಧ ತಾಸು ಹಚ್ಚಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ಕೂರುತ್ತದೆ, ಹಳೆಯ ಹತ್ತಿ ಪಂಚೆ ಸಾಕು. ಕಡಲಿಗೆ ಮುಖ ಮಾಡಿದ ಕಿಟಕಿಯಿಂದ ದೂರವಿಡಿ, ಬಳಸದ ಪೋರ್ಟುಗಳಿಗೆ ರಬ್ಬರ್ ಮುಚ್ಚಳ ಹಾಕಿ. ಒರೆಸುವ ಮೊದಲು ಒತ್ತಿ ಗಾಳಿ ಊದುವ ರಬ್ಬರ್ ಬಲ್ಬಿನಿಂದ ಧೂಳು ಹಾರಿಸಿ, ಅದರಲ್ಲಿರುವ ಉಪ್ಪು, ಮರಳು ಪರದೆಯನ್ನು ಗೀರುತ್ತವೆ. ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ತುಸು ಒದ್ದೆ ಮಾಡಿದ ಮೈಕ್ರೋಫೈಬರ್ ಬಟ್ಟೆ, ಮೇಲಿನಿಂದ ಕೆಳಗೆ.