ಪೋಪ್ ಹೇಳಿದ್ದೆಲ್ಲ ತಪ್ಪಿಲ್ಲದ್ದು ಅಂತ ಕ್ಯಾಥೊಲಿಕ್ ಧರ್ಮಸಭೆ ಹೇಳಿಲ್ಲ

ಕಳೆದ ಆಗಸ್ಟ್ 15ರಂದು ಬೇಳ ಇಗರ್ಜಿಯಲ್ಲಿ ಹಬ್ಬದ ಪೂಜೆ ಮುಗಿಸಿ ಬಾಪ್ಪುವಿನ ಮನೆಗೆ ಹೋಗಿದ್ದೆ. ಜೋರು ಮಳೆ. ಬಾಪ್ಪು ಜಗಲಿಯಲ್ಲಿ ಕೂತು ಒಣ ಅಡಿಕೆಯನ್ನು ಒಂದೊಂದಾಗಿ ಕತ್ತಿಗೆ ಒತ್ತಿ ಸುಲಿಯುತ್ತಿದ್ದರು, ಸಿಪ್ಪೆ ಒಂದು ಕಡೆ, ಅಡಿಕೆ ಬುಟ್ಟಿಗೆ. ಮಂಗಳೂರಿನಲ್ಲಿ ಕಲಿಯುವ ಮೊಮ್ಮಗ ಮೊಬೈಲಿನಿಂದ ತಲೆ ಎತ್ತಿ ಕೇಳಿದ, "ಅಜ್ಜ, ಮರಣದಂಡನೆ ಕೆಲವು ಸಲ ಆಗ್ತದೆ ಅಂತ ಮೊದಲು ಇತ್ತು. 2018ರಲ್ಲಿ ಪೋಪ್ ಫ್ರಾನ್ಸಿಸ್ ಆಗುವುದೇ ಇಲ್ಲ ಅಂತ ಮಾಡಿದ್ರು. ಹಾಗಾದ್ರೆ ಪೋಪ್ ತಪ್ಪುವುದಿಲ್ಲ ಅನ್ನುವುದು ಸುಳ್ಳಲ್ವಾ?" ಬಾಪ್ಪುವಿನ ಕೈ ನಿಂತಿತು. "ಪೋಪ್ ತಪ್ಪುವುದುಂಟಾ ಮಾರಾಯ? ಸುಮ್ನೆ ಕೂತ್ಕೊ."

ನನಗೆ ಇಬ್ಬರ ಮಾತೂ ಸರಿ ಕಾಣಲಿಲ್ಲ. ಪೋಪ್ ಬಾಯಿ ಬಿಟ್ಟರೆ ತಪ್ಪಾಗುವುದೇ ಇಲ್ಲ ಅಂತಲೇ ಇಬ್ಬರೂ ತಿಳಿದಿದ್ದಾರೆ. ಒಬ್ಬರು ಅದನ್ನು ನಂಬುತ್ತಾರೆ, ಇನ್ನೊಬ್ಬ ನಂಬುವುದಿಲ್ಲ, ಅಷ್ಟೇ ವ್ಯತ್ಯಾಸ.

1870ರ ಜುಲೈ 18ರಂದು ಮೊದಲನೇ ವ್ಯಾಟಿಕನ್ ಮಹಾಸಭೆ, ಅಂದರೆ ಲೋಕದ ಬಿಷಪರೆಲ್ಲ ಸೇರುವ ಸಭೆ, ಒಪ್ಪಿದ್ದು ತುಂಬ ಸಣ್ಣ ಜಾಗ. ಪೋಪ್ ಎಲ್ಲ ಕ್ರೈಸ್ತರ ಕುರುಬನಾಗಿ, ಗುರುವಾಗಿ, ತಮ್ಮ ಪೂರ್ತಿ ಅಧಿಕಾರದಿಂದ, ವಿಶ್ವಾಸ ಇಲ್ಲವೇ ನೀತಿಯ ಒಂದು ವಿಷಯವನ್ನು ಇಡೀ ಧರ್ಮಸಭೆ ಒಪ್ಪಲೇಬೇಕು ಅಂತ ತೀರ್ಮಾನಿಸಿ ಸಾರಿದರೆ, ಆಗ ಮಾತ್ರ ಅದರಲ್ಲಿ ತಪ್ಪಿರುವುದಿಲ್ಲ. ವಿಮಾನದಲ್ಲಿ ಪತ್ರಕರ್ತರಿಗೆ ಹೇಳಿದ್ದು, ರಾಜಕೀಯದ ಬಗ್ಗೆ ಅಂದದ್ದು, ಯಾರನ್ನು ಎಲ್ಲಿಗೆ ಬಿಷಪ್ ಮಾಡಿದರು ಅನ್ನುವುದು ಯಾವುದೂ ಇದರಲ್ಲಿ ಬರುವುದಿಲ್ಲ. ಪೋಪ್ ಪಾಪ ಮಾಡುವುದಿಲ್ಲ ಅಂತಲೂ ಇದರ ಅರ್ಥ ಅಲ್ಲ.

ಇಷ್ಟನ್ನು ಒಪ್ಪುವುದೂ ಸಲೀಸಾಗಿ ಆಗಲಿಲ್ಲ. ಐದು ದಿನ ಮೊದಲಿನ ಮತದಲ್ಲಿ 451 ಮಂದಿ ಹೌದು ಅಂದರೆ 88 ಮಂದಿ ಬೇಡ ಅಂದರು, 62 ಮಂದಿ ತಿದ್ದುಪಡಿ ಕೇಳಿದರು. ಕೊನೆಯ ದಿನ ಪೋಪ್ ಒಂಬತ್ತನೇ ಪಿಯೂಸ್ ಅವರ ಎದುರು ಬೇಡ ಅನ್ನಲು ಮನಸ್ಸಾಗದೆ ಹಲವು ಬಿಷಪರು ಮೊದಲೇ ಊರಿಗೆ ಹೊರಟರು. ಉಳಿದವರಲ್ಲಿ 533 ಮಂದಿ ಒಪ್ಪಿದರು, ಇಬ್ಬರು ಒಪ್ಪಲಿಲ್ಲ. ಬೇಡ ಅಂದವರು ಎತ್ತಿದ ಒಂದು ಹೆಸರು ಪೋಪ್ ಹೊನೋರಿಯಸ್. ಏಳನೇ ಶತಮಾನದಲ್ಲಿ ಅವರು ಬರೆದ ಪತ್ರಗಳಿಗಾಗಿ 680-81ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ, ಅವರು ತೀರಿಹೋಗಿ ಎಷ್ಟೋ ವರ್ಷಗಳ ಮೇಲೆ, ಅವರನ್ನೇ ಖಂಡಿಸಿತ್ತು. ಅದು ಪತ್ರ, ಇಡೀ ಧರ್ಮಸಭೆಗೆ ಸಾರಿದ ತೀರ್ಮಾನ ಅಲ್ಲ ಅನ್ನುವುದು ಇನ್ನೊಂದು ಪಕ್ಷದ ಉತ್ತರ. ಆ ಉತ್ತರ ನನಗೆ ಸರಿ ಅನ್ನಿಸುತ್ತದೆ, ಆದರೆ ಅದನ್ನು ಒಪ್ಪಿದರೆ ಪೋಪ್ ಒಬ್ಬರು ಬೋಧನೆಯಲ್ಲೇ ಎಡವಬಹುದು ಅಂತಲೂ ಒಪ್ಪಬೇಕು.

1870ರ ನಂತರ ತಕರಾರಿಲ್ಲದೆ ಎಲ್ಲರೂ ಒಪ್ಪುವ ಇಂಥ ಸಾರಿಕೆ ಒಂದೇ. 1950ರ ನವೆಂಬರ್ 1ರಂದು ಹನ್ನೆರಡನೇ ಪಿಯೂಸ್ ಹೇಳಿದ್ದು, ಮಾತೆ ಮರಿಯಮ್ಮ ದೇಹ ಮತ್ತು ಆತ್ಮಗಳೊಂದಿಗೆ ಸ್ವರ್ಗಕ್ಕೆ ಸ್ವೀಕೃತರಾದರು ಅನ್ನುವುದು. ನಾವು ಆ ಬೆಳಗ್ಗೆ ಬೇಳದಲ್ಲಿ ಆಚರಿಸಿ ಬಂದದ್ದು ಅದೇ ಹಬ್ಬ! ಬಾಪ್ಪುವಿಗೆ ಇದನ್ನು ಹೇಳಿದಾಗ "ಒಂದೇ ಒಂದಾ?" ಅಂತ ಎರಡು ಸಲ ಕೇಳಿದರು.

ನಿಜವಾದ ಜಗಳ ಇರುವುದು ಇದರ ಪಕ್ಕದ ಜಾಗದಲ್ಲಿ. ಹೆಂಗಸರಿಗೆ ಗುರುದೀಕ್ಷೆ ಕೊಟ್ಟು ಪಾದ್ರಿಗಳನ್ನಾಗಿ ಮಾಡುವ ಅಧಿಕಾರ ಧರ್ಮಸಭೆಗೆ ಇಲ್ಲ ಅಂತ ಎರಡನೇ ಜಾನ್ ಪಾಲ್ 1994ರಲ್ಲಿ ಬರೆದರು. ಆ ಪತ್ರವೇ ತಪ್ಪಾಗದ ಸಾರಿಕೆ ಅಂತ ವ್ಯಾಟಿಕನ್ ಹೇಳಲಿಲ್ಲ. ಎಲ್ಲ ಬಿಷಪರೂ ಮೊದಲಿನಿಂದ ಒಟ್ಟಾಗಿ ಕಲಿಸಿಕೊಂಡು ಬಂದದ್ದರಿಂದ ಆ ಬೋಧನೆ ತಪ್ಪಾಗದ್ದು ಅಂತ 1995ರಲ್ಲಿ ಹೇಳಿತು. ಹಾಗೆ ಒಟ್ಟಾಗಿ ಕಲಿಸಿದ್ದೂ ತಪ್ಪಾಗದ್ದು ಅನ್ನುವುದು ಎರಡನೇ ವ್ಯಾಟಿಕನ್ ಮಹಾಸಭೆಯ ಮಾತು, ಅದನ್ನು ನಾನು ಒಪ್ಪುತ್ತೇನೆ. ಆದರೆ ಎಲ್ಲರೂ ಹಾಗೆ ಕಲಿಸಿದ್ದಾರೆ ಅಂತ ತೀರ್ಮಾನಿಸಿದ್ದು ವ್ಯಾಟಿಕನ್ನಿನ ಒಂದು ಕಚೇರಿ. ಆ ಕಚೇರಿಯ ಎಣಿಕೆಗೂ ತಪ್ಪಾಗದ ವರ ಇದೆಯಾ? ಇಲ್ಲ. ಹಾಗಾಗಿ ಅಲ್ಲಿ ಪ್ರಶ್ನೆ ಕೇಳುವವರನ್ನು ವಿಶ್ವಾಸ ಇಲ್ಲದವರು ಅನ್ನುವುದು ನನಗೆ ಸರಿ ಕಾಣುವುದಿಲ್ಲ.

"ಹಾಗಾದ್ರೆ ಪೋಪ್ ಹೇಳಿದ್ದನ್ನು ಕೇಳಬೇಕಾಗಿಲ್ವಾ?" ಬಾಪ್ಪು ಕೇಳಿದರು. ಕೇಳಬೇಕು ಬಾಪ್ಪು. ತಪ್ಪಾಗದ ತೀರ್ಮಾನ ಅಲ್ಲದಿದ್ದರೂ ಪೋಪರ ಬೋಧನೆಗೆ ಮನಸ್ಸನ್ನೂ ಬುದ್ಧಿಯನ್ನೂ ಗೌರವದಿಂದ ಒಪ್ಪಿಸಿ ಅನ್ನುತ್ತದೆ ಅದೇ ಎರಡನೇ ವ್ಯಾಟಿಕನ್ ಮಹಾಸಭೆ. ಮರಣದಂಡನೆಯ ಮಾತು ಬರುವುದು ಅಲ್ಲಿ. ಅದು ತಿದ್ದಬಹುದಾದದ್ದು, ತಿದ್ದಿದರು, ಒಳ್ಳೆಯದೇ ಮಾಡಿದರು.

ಇದನ್ನು ನಮ್ಮ ದೊತೊರ್ನ್ (ಇಗರ್ಜಿಯ ಧರ್ಮಪಾಠ) ತರಗತಿಯಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ. ಹತ್ತನೇ ಕ್ಲಾಸಿನ ಮಕ್ಕಳಿಗೆ ಹೊನೋರಿಯಸ್ ಹೆಸರನ್ನೂ ಸೇರಿಸಿಯೇ ಹೇಳಿ ಅಂತ ಗುರುಗಳಲ್ಲಿ ಕೇಳಬೇಕೆಂದಿದ್ದೇನೆ. ಮೊಬೈಲಿನಲ್ಲಿ ಯಾರೋ ಹೇಳುವ ಮೊದಲು ಇಗರ್ಜಿಯಲ್ಲೇ ಕೇಳಲಿ.